ಕವಳದ ಕೆಂಪಿನಲ್ಲಿ ಕಾಣದ ರಕ್ತ

ಹಲ್ಲುನೋವಿಗೆ ಒಂದು ಗುಣವಿದೆ, ಅದು ಮನುಷ್ಯನನ್ನು ಬಸ್ಸು ಹತ್ತಿಸುತ್ತದೆ. ದಾಸನಕೊಪ್ಪದ ಕಡೆಯ ರೈತ ಗೋವಿನಜೋಳದ ಕೆಲಸ ಅರ್ಧಕ್ಕೆ ಬಿಟ್ಟು ಬೆಳಗಿನ ಶಿರಸಿ ಬಸ್ಸಿಗೆ ನಿಂತಿದ್ದಾನೆಂದರೆ, ಹಿಂದಿನ ರಾತ್ರಿ ದವಡೆ ಹಿಡಿದುಕೊಂಡೇ ಬೆಳಗು ಮಾಡಿದ್ದಾನೆ ಎಂದು ತಿಳಿಯಬಹುದು. ಒಸಡಿಗೆ ಆ ಗುಣ ಇಲ್ಲ. ಬಾತುಕೊಂಡು ವರ್ಷ ಕಳೆದರೂ ಅದು ಸಾಮಾನ್ಯವಾಗಿ ನೋಯುವುದಿಲ್ಲ. ಹಲ್ಲು ತಿಕ್ಕುವಾಗ ಎರಡು ಹನಿ ರಕ್ತ ತೋರಿಸುತ್ತದೆ, ಅಷ್ಟೇ. ಎರಡು ಹನಿ ರಕ್ತಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಯಾರೂ ಪೇಟೆಗೆ ಹೋಗುವುದಿಲ್ಲ.

ಆ ಎರಡು ಹನಿಯಾದರೂ ಕಣ್ಣಿಗೆ ಬಿದ್ದರೆ ಪುಣ್ಯ. ನಮ್ಮ ಸೀಮೆಯಲ್ಲಿ ಅದು ಬೀಳುವುದೇ ಕಷ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಬಂದವರಿಗೆ ಕುಡಿಯಲು ಕೊಟ್ಟ ಮೇಲೆ ಮುಂದಕ್ಕೆ ಬರುವುದು ಕವಳದ, ಅಂದರೆ ಎಲೆಅಡಿಕೆಯ, ಹರಿವಾಣ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ದಾಸನಕೊಪ್ಪ, ಬನವಾಸಿ ಕಡೆ ಅದೇ ಎಲೆಅಡಿಕೆ ಚೀಲವಾಗಿ ಜೊತೆಗಿರುತ್ತದೆ. ಅಡಿಕೆಯ ಒಗರು ಸುಣ್ಣದ ಖಾರದೊಂದಿಗೆ ಬೆರೆತಾಗ ಬಾಯೆಲ್ಲ ಕೆಂಪಾಗುತ್ತದೆ. ಉಗುಳು ಹೇಗೂ ಕೆಂಪು. ಅದರಲ್ಲಿ ಕವಳದ ರಸ ಎಷ್ಟು, ಒಸಡಿನ ರಕ್ತ ಎಷ್ಟು ಎಂದು ಯಾರು ನೋಡುತ್ತಾರೆ? ಕವಳ ಹಾಕದವರಿಗೂ ಹಳೆಯ ಮನೆಗಳ ಬಚ್ಚಲು ನೆರವಾಗುವುದಿಲ್ಲ. ಮಬ್ಬು ಬೆಳಕು, ಹೊಗೆ ಹಿಡಿದ ಗೋಡೆ, ಕಲ್ಲಿನ ನೆಲ. ಉಗುಳಿದ್ದು ನೀರಿನ ಸಂಗಡ ಬಾಳೆಬುಡಕ್ಕೆ ಹರಿದುಹೋಗುತ್ತದೆ. ಈ ಭಾಗದಲ್ಲಿ ಒಸಡಿನ ಕಾಯಿಲೆ ತಡವಾಗಿ ಗೊತ್ತಾಗುತ್ತದೆ ಎಂದು ಜನರನ್ನು ದೂರುವ ಮೊದಲು, ಕಾಯಿಲೆ ಕೊಡುವ ಮೊದಲ ಮುನ್ಸೂಚನೆ ಇಲ್ಲಿ ಹೇಗೆ ಮುಚ್ಚಿಹೋಗುತ್ತದೆ ಎಂಬುದನ್ನು ನೋಡಬೇಕು.

ಕಾಯಿಲೆಯ ಮೂಲ ಬಹಳ ಸಾಮಾನ್ಯದ್ದು. ಹಲ್ಲು ತಿಕ್ಕಿ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಒಂದು ತೆಳುಪದರ ಹಲ್ಲಿನ ಮೇಲೆ ಕೂರುತ್ತದೆ. ಅದರಿಂದ ತೊಂದರೆಯಿಲ್ಲ. ಆದರೆ ಕೆಲವು ಗಂಟೆಗಳೊಳಗೆ ಬಾಯಲ್ಲಿ ಸದಾ ಇರುವ ಬ್ಯಾಕ್ಟೀರಿಯಾಗಳು ಆ ಪದರಕ್ಕೆ ಅಂಟಿಕೊಂಡು, ಅಂಟಿಕೊಂಡವು ಇನ್ನಷ್ಟನ್ನು ಕರೆದುಕೊಂಡು, ತಮ್ಮ ಸುತ್ತ ತಾವೇ ಒಂದು ಲೋಳೆಯ ಗೂಡು ಕಟ್ಟಿಕೊಳ್ಳುತ್ತವೆ. ದಿನ ಕಳೆಯುವಷ್ಟರಲ್ಲಿ ಉಗುರಿನಿಂದ ಕೆರೆದರೆ ಮೆತ್ತಗೆ ಬೆಳ್ಳಗೆ ಬರುವ ಹಾಗಾಗುತ್ತದೆ. ಇದೇ ಪ್ಲಾಕ್, ಜನ ಪಾಚಿ ಎನ್ನುವುದು. ಹೆಸರು ಸರಿಯಾಗಿಯೇ ಇದೆ. ಮಳೆಗಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಕಟ್ಟಿದ ಪಾಚಿಗೆ ಎಷ್ಟು ಕೊಡ ನೀರು ಹೊಯ್ದರೂ ಹೋಗುವುದಿಲ್ಲ, ತಿಕ್ಕಿದರೆ ಮಾತ್ರ ಹೋಗುತ್ತದೆ, ಇದೂ ಹಾಗೆಯೇ. ಬಾಯಿ ಮುಕ್ಕಳಿಸಿ ಪಾಚಿ ತೆಗೆಯುತ್ತೇನೆನ್ನುವುದು ಆಗದ ಮಾತು.

ಪಾಚಿ ಹೆಚ್ಚಾಗಿ ಕೂರುವುದು ಹಲ್ಲು ಒಸಡಿಗೆ ಸೇರುವ ಅಂಚಿನಲ್ಲಿ ಮತ್ತು ಎರಡು ಹಲ್ಲುಗಳ ನಡುವಿನ ಸಂದಿಯಲ್ಲಿ. ಅಲ್ಲಿನ ಬ್ಯಾಕ್ಟೀರಿಯಾಗಳು ಬಿಡುವ ವಿಷಕ್ಕೆ ದೇಹ ತನ್ನ ಪದ್ಧತಿಯಂತೆ ಉತ್ತರ ಕೊಡುತ್ತದೆ. ಒಸಡಿನ ರಕ್ತನಾಳಗಳು ಹಿಗ್ಗುತ್ತವೆ, ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ, ಒಸಡು ಬಾತುಕೊಳ್ಳುತ್ತದೆ, ಒಳಗೋಡೆಯ ಚರ್ಮ ತೆಳುವಾಗುತ್ತದೆ. ಬ್ರಶ್ಶಿನ ಎಳೆ ತಾಗಿದರೂ ರಕ್ತ ಜಿನುಗುತ್ತದೆ. ಒಸಡಿನ ಉರಿಯೂತ ಅಥವಾ ಜಿಂಜಿವೈಟಿಸ್ ಎಂದು ವೈದ್ಯರು ಬರೆಯುವುದು ಇದನ್ನೇ. ಈ ಹಂತದಲ್ಲಿ ಹಲ್ಲನ್ನು ಹಿಡಿದಿರುವ ಎಲುಬಿಗೆ ಏನೂ ಆಗಿರುವುದಿಲ್ಲ. ಹಾಗಾಗಿಯೇ ಇಡೀ ಕಾಯಿಲೆಯಲ್ಲಿ ಪೂರ್ತಿ ಹಿಂದಕ್ಕೆ ಬರಲು ಸಾಧ್ಯವಿರುವ ಹಂತ ಇದೊಂದೇ. ಇದನ್ನು ದಾಟಿ ಉರಿಯೂತ ಎಲುಬಿಗಿಳಿದರೆ, ಹಿಂದಿನವರು ಪಯೋರಿಯಾ ಎನ್ನುತ್ತಿದ್ದ ಪೆರಿಯೊಡಾಂಟೈಟಿಸ್. ಅಲ್ಲಿ ಕರಗಿದ ಎಲುಬು ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಪಾಚಿಯೇ ಕಾರಣ ಎಂದು ಖಚಿತವಾಗಿದ್ದು ಅಂಥ ಹಳೆಯ ಕಾಲದಲ್ಲೇನಲ್ಲ. 1965ರಲ್ಲಿ ಹೆರಾಲ್ಡ್ ಲೋ ಎಂಬ ನಾರ್ವೆಯ ವಿಜ್ಞಾನಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಒಸಡು ಚೆನ್ನಾಗಿದ್ದ 12 ಮಂದಿಗೆ, ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳೇ, ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಅಷ್ಟೂ ಜನರ ಒಸಡು ಬಾತಿತು. ಮತ್ತೆ ಉಜ್ಜಲು ಹೇಳಿದರು. ಸುಮಾರು ಒಂದು ವಾರದಲ್ಲಿ ಎಲ್ಲರದ್ದೂ ಮೊದಲಿನಂತಾಯಿತು. ಔಷಧವಿಲ್ಲ, ಚುಚ್ಚುಮದ್ದಿಲ್ಲ. ಒಂದು ಕಾಯಿಲೆಯನ್ನು ಬೇಕೆಂದು ತಂದುಕೊಂಡು, ಬೇಕೆಂದಾಗ ಕಳುಹಿಸಿದ ಇಂಥ ಸರಳ ಪ್ರಯೋಗ ವೈದ್ಯಶಾಸ್ತ್ರದಲ್ಲಿ ಅಪರೂಪ.

ಇದೇ ಲೋ ಮತ್ತು ಸಂಗಡಿಗರು 1970ರಲ್ಲಿ ಶ್ರೀಲಂಕಾದ ಚಹಾ ತೋಟಗಳಿಗೆ ಬಂದರು. ಹಲ್ಲುಜ್ಜುವ ರೂಢಿಯೂ ಇಲ್ಲದ, ದಂತವೈದ್ಯರ ಮುಖವನ್ನೂ ಕಾಣದ 480 ತಮಿಳು ಕೂಲಿ ಗಂಡಸರನ್ನು 15 ವರ್ಷಗಳ ಕಾಲ ಆಗಾಗ ಪರೀಕ್ಷಿಸಿದರು. ಸುಮ್ಮನೆ ನೋಡುತ್ತ ಕೂತಿದ್ದು ಎಷ್ಟು ಸರಿ ಎಂಬ ಪ್ರಶ್ನೆ ಇಂದು ಓದುವಾಗ ಏಳದೆ ಇರುವುದಿಲ್ಲ. ಆದರೆ ಅವರು ಕಂಡದ್ದು ನಮಗೆ ಬೇಕಾದ ಸಂಗತಿ. ಎಲ್ಲರ ಬಾಯಲ್ಲೂ ಪಾಚಿ, ಪಾಚಿ ಗಟ್ಟಿಯಾಗಿ ಕಟ್ಟಿದ ಗಾರೆ, ಬಾತ ಒಸಡು ಇತ್ತು. ಹಾಗಿದ್ದೂ ಶೇ 11ರಷ್ಟು ಜನರಲ್ಲಿ ಅದು ಒಸಡಿನಲ್ಲೇ ನಿಂತಿತು, ಎಲುಬಿಗೆ ಇಳಿಯಲೇ ಇಲ್ಲ. ಶೇ 81ರಷ್ಟು ಜನರಲ್ಲಿ ನಿಧಾನವಾಗಿ ಇಳಿಯಿತು. ಉಳಿದ ಶೇ 8ರಷ್ಟು ಜನರಲ್ಲಿ ಮಾತ್ರ ಧಾವಂತದಿಂದ ಇಳಿದು, 45 ವರ್ಷ ತುಂಬುವಷ್ಟರಲ್ಲಿ ಬಾಯಿ ಬೋಳಾಯಿತು. ಊರಲ್ಲಿ ಯಾರಾದರೂ ಒಬ್ಬರು, ನಮ್ಮ ಅಜ್ಜ ಜೀವಮಾನದಲ್ಲಿ ಬ್ರಶ್ಶು ಮುಟ್ಟಲಿಲ್ಲ, ತೊಂಬತ್ತರಲ್ಲೂ ಕಡಲೆ ಅಗಿಯುತ್ತಿದ್ದರು ಎಂದು ವಾದಕ್ಕೆ ನಿಲ್ಲುತ್ತಾರಲ್ಲ, ಆ ಅಜ್ಜ ಸುಳ್ಳಲ್ಲ. ಆ ಹನ್ನೊಂದರಲ್ಲಿ ಒಬ್ಬರು. ಮೊಮ್ಮಗ ಎಂಟರಲ್ಲಿ ಸೇರಿದ್ದಾನೋ ಎಂಬತ್ತೊಂದರಲ್ಲೋ ಎಂದು ಮೊದಲೇ ಹೇಳುವ ಉಪಾಯ ಯಾರ ಬಳಿಯೂ ಇಲ್ಲ.

ನಮ್ಮ ದೇಶದ ಲೆಕ್ಕವೂ ಇದೆ. ಭಾರತೀಯ ದಂತವೈದ್ಯಕೀಯ ಪರಿಷತ್ತು 2002–03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 35ರಿಂದ 44 ವಯಸ್ಸಿನ ನೂರು ಜನರಲ್ಲಿ ಹತ್ತಿರ ಹತ್ತಿರ 90 ಮಂದಿಗೆ, 12 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಒಂದಲ್ಲ ಒಂದು ಹಂತದ ಒಸಡಿನ ತೊಂದರೆ ಕಂಡಿತು. ಎಲ್ಲರಿಗೂ ಇರುವುದು ಕಾಯಿಲೆ ಎಂದೇ ಅನಿಸುವುದಿಲ್ಲ.

ರಕ್ತ ಕಂಡವರಾದರೂ ಮಾಡುವುದೇನು? “ತಿಕ್ಕಿದ್ರ ರಕ್ತ ಬರ್ತೈತ್ರಿ, ಅದಕ್ಕ ತಿಕ್ಕೋದು ಬಿಟ್ಟೀನಿ.” ಈ ಮಾತನ್ನು ಕೇಳದ ದಂತವೈದ್ಯರು ಈ ಭಾಗದಲ್ಲಿ ಇರಲಾರರು. ಗಾಯ ಮುಟ್ಟಬಾರದು ಎಂಬುದು ಮೈಗಂಟಿದ ತಿಳಿವಳಿಕೆ, ಕೈಕಾಲಿನ ಗಾಯಕ್ಕೆ ಸರಿಯೂ ಹೌದು. ಒಸಡಿನ ವಿಷಯದಲ್ಲಿ ಅದೇ ತಿಳಿವಳಿಕೆ ತಿರುಗಿ ಹೊಡೆಯುತ್ತದೆ. ರಕ್ತ ಬರುವ ಜಾಗವನ್ನು ಬಿಟ್ಟು ತಿಕ್ಕಿದರೆ ಅಲ್ಲಿ ಪಾಚಿ ದಪ್ಪವಾಗುತ್ತದೆ, ಬಾವು ಹೆಚ್ಚುತ್ತದೆ, ಮರುದಿನ ಇನ್ನೂ ಸುಲಭವಾಗಿ ರಕ್ತ ಬರುತ್ತದೆ. ರಕ್ತ ಬರುವ ಜಾಗವೇ ತಿಕ್ಕಬೇಕಾದ ಜಾಗ. ಮೆತ್ತಗಿನ ಬ್ರಶ್ಶಿನಿಂದ, ಅವಸರವಿಲ್ಲದೆ, ದಿನಕ್ಕೆರಡು ಸಲ ಅಲ್ಲೇ ಹೆಚ್ಚು ಹೊತ್ತು ತಿಕ್ಕಿದರೆ ಮೊದಲ ಮೂರು ನಾಲ್ಕು ದಿನ ರಕ್ತ ಬಂದೇ ಬರುತ್ತದೆ, ಆಮೇಲೆ ಇಳಿಯುತ್ತ ಹೋಗುತ್ತದೆ. ಎರಡು ವಾರ ಹೀಗೆ ಮಾಡಿದ ಮೇಲೂ ನಿಲ್ಲದಿದ್ದರೆ, ಬ್ರಶ್ಶಿಗೆ ಸಿಗದ ಏನೋ ಅಲ್ಲಿದೆ ಎಂದು ಲೆಕ್ಕ.

ಒಸಡನ್ನು ನೋಡಿಕೊಳ್ಳುವುದಕ್ಕೆ ಬೆಳಗ್ಗೆ ಎದ್ದ ಕೂಡಲೇ, ಮೊದಲ ಕವಳಕ್ಕೂ ಚಹಾಕ್ಕೂ ಮುಂಚೆ, ಕನ್ನಡಿ ಹಿಡಿದು ಜಗಲಿಯ ಬೆಳಕಿಗೆ ಬರಬೇಕು. ಪುಸ್ತಕಗಳಲ್ಲಿ ಆರೋಗ್ಯದ ಒಸಡು ಗುಲಾಬಿ, ಬಾತದ್ದು ಕೆಂಪು ಎಂದಿರುತ್ತದೆ. ಆ ಪುಸ್ತಕ ಬರೆದವರ ಒಸಡು ಗುಲಾಬಿ ಇದ್ದಿರಬಹುದು. ನಮ್ಮಲ್ಲಿ ಎಷ್ಟೋ ಜನರ ಒಸಡು ಹುಟ್ಟಿನಿಂದಲೇ ಕಂದು ಅಥವಾ ಕಪ್ಪು, ಅದು ಕಾಯಿಲೆಯಲ್ಲ. ಮೈಬಣ್ಣ ಕೊಡುವ ಮೆಲನಿನ್ ಅಲ್ಲೂ ಇದೆ, ಅಷ್ಟೇ. ಅಂಥ ಒಸಡಿನಲ್ಲಿ ಕೆಂಪು ಹುಡುಕಿದರೆ ಸಿಗದು. ಆಕಾರ ನೋಡಬೇಕು. ಚೆನ್ನಾಗಿರುವ ಒಸಡಿನ ಅಂಚು ತೆಳುವಾಗಿ ಹಲ್ಲಿಗೆ ಒತ್ತಿಕೊಂಡಿರುತ್ತದೆ, ಎರಡು ಹಲ್ಲಿನ ನಡುವೆ ಚೂಪಾಗಿ ಇಳಿದಿರುತ್ತದೆ, ಮುಟ್ಟಿದರೆ ಗಟ್ಟಿ. ಬಾತದ್ದರ ಅಂಚು ಗುಂಡಗಾಗಿ, ನಯವಾಗಿ ಮಿರಿಮಿರಿ ಹೊಳೆಯುತ್ತದೆ, ನಡುವಿನ ತುದಿ ಉಬ್ಬಿರುತ್ತದೆ. ಬೆಳಗಿನ ಮೊದಲ ಉಗುಳನ್ನು ಬಿಳಿ ಬಟ್ಟಲಲ್ಲೋ ಬಿಳಿ ಕಾಗದದ ಮೇಲೋ ಉಗಿದು ನೋಡಬಹುದು. ಪೇರಲೆಹಣ್ಣು ಕಚ್ಚಿದ ಜಾಗದಲ್ಲಿ ಕೆಂಪು ಗೆರೆ ಬಂದಿದೆಯೇ, ತಲೆದಿಂಬಿನ ಮೇಲೆ ಕಲೆ ಇದೆಯೇ ಎಂಬುದೂ ಸಾಕ್ಷಿಯೇ. ಬಾಯಿಯ ವಾಸನೆ ತನಗೆ ತಾನೇ ಗೊತ್ತಾಗುವುದಿಲ್ಲ. ಅದನ್ನು ಮನೆಯವರಲ್ಲಿ ಕೇಳಬೇಕು, ಕೇಳಿದ ಮೇಲೆ ಸಿಟ್ಟಾಗಬಾರದು.

ತಂಬಾಕಿನ ವಿಷಯ ಬೇರೆಯೇ ಹೇಳಬೇಕು. ಬೀಡಿ ಸೇದುವವರ ಒಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ, ಹೆಚ್ಚಲ್ಲ. ಒಸಡು ಗಟ್ಟಿಯಾಗಿ, ಚೆನ್ನಾಗಿಯೇ ಇರುವಂತೆ ಕಾಣುತ್ತದೆ. ತಂಬಾಕು ಅಲ್ಲಿನ ಉರಿಯೂತದ ಲಕ್ಷಣಗಳನ್ನೇ ಅದುಮಿಡುವುದರಿಂದ ಒಳಗೆ ಎಲುಬು ಕರಗುತ್ತಿದ್ದರೂ ಹೊರಗೆ ಸುದ್ದಿಯಿಲ್ಲ. ಬೀಡಿ ಬಿಟ್ಟ ಕೆಲವು ವಾರಗಳಲ್ಲಿ ಕೆಲವರಿಗೆ ರಕ್ತ ಮೊದಲಿಗಿಂತ ಹೆಚ್ಚು ಕಾಣಿಸಿಕೊಳ್ಳುತ್ತದೆ. ಬಿಟ್ಟಿದ್ದಕ್ಕೇ ಹೀಗಾಯಿತೆಂದು ಮತ್ತೆ ಹಚ್ಚುವವರಿದ್ದಾರೆ. ಅದು ಒಸಡಿಗೆ ಜೀವ ಬಂದ ಗುರುತು, ಹೆದರಬೇಕಾಗಿಲ್ಲ. ಕವಳಕ್ಕೆ ಹಾಕುವ ತಂಬಾಕಿನ ಎಸಳನ್ನು ದಿನವೂ ಒಂದೇ ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳುವವರಲ್ಲಿ ಅದೇ ಜಾಗದ ಒಸಡು ಕೆಳಗೆ ಜಾರಿ ಹಲ್ಲಿನ ಬುಡ ಬರಿದಾಗುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲಿ ನಡುರಾತ್ರಿಯವರೆಗೆ ನಿದ್ದೆ ತಡೆಯಲು ಹಾಕಿದ ಕವಳ ಹಾಗೇ ಕೆನ್ನೆಯಲ್ಲಿ ಉಳಿದು ನಿದ್ದೆ ಹತ್ತಿಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಬಾಯಿ ತನ್ನನ್ನು ತಾನು ತೊಳೆದುಕೊಳ್ಳುವುದಿಲ್ಲ.

ಅಡಿಕೆಯ ಸೀಮೆಯಲ್ಲಿ ಕೂತು ಅಡಿಕೆಯ ಬಗ್ಗೆ ಬರೆಯುವುದು ಸುಲಭವಲ್ಲ, ಅನ್ನ ಕೊಟ್ಟ ಬೆಳೆ ಅದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತಂಬಾಕಿಲ್ಲದ ಎಲೆಅಡಿಕೆಯನ್ನೂ ಕ್ಯಾನ್ಸರ್ ತರುವ ಪದಾರ್ಥಗಳ ಸಾಲಿಗೆ ಸೇರಿಸಿದೆ. ಬೆಳೆಗಾರರ ಬೇಸರ ಅರ್ಥವಾಗುತ್ತದೆ, ಬಾಯಿಯ ಸ್ಥಿತಿ ಅದರಿಂದ ಬದಲಾಗುವುದಿಲ್ಲ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ಎಂದು ಜೋಡಿಯಾಗಿ ಅಂಗಡಿಯಲ್ಲಿ ತೂಗಾಡುವುದು ನಿಂತಿಲ್ಲ. ಬಾಯಿ ತೆರೆದರೆ ತನ್ನದೇ ಮೂರು ಬೆರಳು ನೆಟ್ಟಗೆ ಒಳಗೆ ಹೋಗದಿದ್ದರೆ, ಖಾರ ತಾಗಿದರೆ ಬೆಂಕಿ ಬಿದ್ದಂತೆ ಉರಿದರೆ, ಬಿಳಿ ಮಚ್ಚೆಯೋ ಹುಣ್ಣೋ ಎರಡು ವಾರಕ್ಕೂ ಮಾಯದಿದ್ದರೆ, ಅದು ಪಾಚಿಯ ತೊಂದರೆ ಅಲ್ಲವೇ ಅಲ್ಲ. ಅಂದೇ ತೋರಿಸಬೇಕು.

ಹಲ್ಲು ತಿಕ್ಕುವುದಕ್ಕೆ ನಮ್ಮಲ್ಲಿ ಏನೇನಿತ್ತು: ಮಾವಿನೆಲೆ, ಬೇವಿನ ಕಡ್ಡಿ, ಇದ್ದಿಲು, ಉಪ್ಪು, ಕೆಂಪು ಹಲ್ಲುಪುಡಿ. ಇವುಗಳನ್ನು ಪೂರ್ತಿ ತಳ್ಳಿಹಾಕುವುದೂ ಬೇಡ, ತಲೆಮೇಲೆ ಹೊರುವುದೂ ಬೇಡ. ಕಡ್ಡಿಯನ್ನು ಚೆನ್ನಾಗಿ ಜಗಿದು ನಾರು ಮಾಡಿ ನಿಧಾನವಾಗಿ ತಿಕ್ಕಿದರೆ ಎದುರಿನ ಮೇಲ್ಮೈ ಸ್ವಚ್ಛವಾಗುತ್ತದೆ. ಒಳಬದಿಗೆ, ಹಿಂದಿನ ದವಡೆಹಲ್ಲಿಗೆ ಅದು ತಲುಪುವುದಿಲ್ಲ. ಇದ್ದಿಲು, ಇಟ್ಟಿಗೆಪುಡಿ, ಬೂದಿ ಹಲ್ಲಿನ ಕೊರಳನ್ನೇ ಕೊರೆಯುತ್ತವೆ. ಐವತ್ತರ ಹೊತ್ತಿಗೆ ತಣ್ಣೀರು ಕುಡಿದರೆ ಜುಮ್ಮೆನ್ನುವುದು ಎಷ್ಟೋ ಸಲ ಇದರಿಂದ. ನಶ್ಯವನ್ನೇ ಒಸಡಿಗೆ ತಿಕ್ಕುವ ಹೆಂಗಸರು ಇನ್ನೂ ಇದ್ದಾರೆ. ಹಲ್ಲುಪುಡಿ, ಪೇಸ್ಟುಗಳಿಗೆ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ, ಕೈಯಾರೆ ತಿಕ್ಕಿಕೊಳ್ಳುವುದಕ್ಕೆ ಕಾನೂನು ಎಲ್ಲಿಂದ ಬರಬೇಕು?

ಉಪ್ಪಿನ ಕಥೆ ಸ್ವಾರಸ್ಯದ್ದು. ಸೂಕ್ಷ್ಮದರ್ಶಕದ ಮೂಲಕ ಬ್ಯಾಕ್ಟೀರಿಯಾಗಳನ್ನು ಮೊದಲು ಕಂಡ ಡಚ್ ಬಟ್ಟೆವ್ಯಾಪಾರಿ ಲೇವೆನ್‌ಹುಕ್ ದಿನವೂ ಬೆಳಗ್ಗೆ ಉಪ್ಪಿನಿಂದ ಹಲ್ಲು ತಿಕ್ಕುತ್ತಿದ್ದ, ಗರಿಯ ಕಡ್ಡಿಯಿಂದ ಸಂದಿ ಚುಚ್ಚುತ್ತಿದ್ದ, ಬಟ್ಟೆಯಿಂದ ಒರೆಸುತ್ತಿದ್ದ. ತನ್ನ ವಯಸ್ಸಿನವರಲ್ಲಿ ಇಷ್ಟು ಚೊಕ್ಕ ಹಲ್ಲು ಅಪರೂಪ ಎಂಬ ಹೆಮ್ಮೆಯೂ ಇತ್ತು. ಆದರೂ ಹಲ್ಲಿನ ನಡುವೆ ಹಿಟ್ಟಿನಂಥ ಬಿಳಿ ಪದಾರ್ಥ ಉಳಿದಿತ್ತು. ಅದನ್ನು ತೆಗೆದು ಮಸೂರದ ಕೆಳಗಿಟ್ಟಾಗ ಒಳಗೆ ಜೀವಿಗಳು ಓಡಾಡುತ್ತಿದ್ದವು. 1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಅಷ್ಟು ಶ್ರದ್ಧೆಯವನ ಬಾಯಲ್ಲೂ ಪಾಚಿ ಉಳಿದದ್ದು ಸಂದಿಯಲ್ಲಿ. ಇಂದಿಗೂ ಒಸಡು ಮೊದಲು ಬಾಯುವುದು ಅಲ್ಲೇ.

ಹಾಗಾಗಿ ತಿಕ್ಕುವ ಕ್ರಮ ಮುಖ್ಯ, ಪೇಸ್ಟಿನ ಜಾಹೀರಾತಲ್ಲ. ಮೆತ್ತಗಿನ ಬ್ರಶ್ಶು, ಕಡಲೆಕಾಳಿನಷ್ಟು ಫ್ಲೋರೈಡ್ ಪೇಸ್ಟು ಸಾಕು. ಬ್ರಶ್ಶನ್ನು ಹಲ್ಲಿಗೆ ನೇರವಾಗಿ ಹಿಡಿಯದೆ ಒಸಡಿನ ಕಡೆಗೆ ಓರೆಯಾಗಿ, ಸುಮಾರು 45 ಡಿಗ್ರಿ ವಾಲಿಸಿ, ಎಳೆಗಳ ತುದಿ ಹಲ್ಲು-ಒಸಡಿನ ಅಂಚಿಗೆ ಕೂರುವಂತೆ ಹಿಡಿಯಬೇಕು. ಇದ್ದಲ್ಲೇ ಸಣ್ಣಗೆ ಅಲುಗಿಸಿ, ಆಮೇಲೆ ಹಲ್ಲಿನ ತುದಿಯ ಕಡೆಗೆ ಸವರಬೇಕು. ಒಮ್ಮೆಗೆ ಎರಡು ಮೂರು ಹಲ್ಲು. ಹೊರಬದಿ ಮುಗಿದ ಮೇಲೆ ಒಳಬದಿ. ಕೆಳದವಡೆಯ ಎದುರುಹಲ್ಲುಗಳ ಒಳಬದಿಯನ್ನು ಎಲ್ಲರೂ ಮರೆಯುತ್ತಾರೆ. ನಾಲಿಗೆಯಡಿಯ ಜೊಲ್ಲಿನ ನಾಳ ಅಲ್ಲೇ ತೆರೆಯುವುದರಿಂದ ಗಾರೆ ಮೊದಲು ಕಟ್ಟುವುದೂ ಅಲ್ಲೇ. ಇಷ್ಟಕ್ಕೆ ಎರಡು ನಿಮಿಷ ಬೇಕು, ರಾತ್ರಿ ಮಲಗುವ ಮೊದಲಿನದು ತಪ್ಪಕೂಡದು. ಸಂದಿಗೆ ದಾರ, ಅಂದರೆ ಫ್ಲಾಸ್, ಅಥವಾ ಜಾಗ ಹೆಚ್ಚಿದ್ದರೆ ಚಿಕ್ಕ ಸಂದಿಬ್ರಶ್ಶು ಶಿರಸಿಯ ಔಷಧದಂಗಡಿಯಲ್ಲಿ ಕೇಳಿ ತರಿಸಿಕೊಳ್ಳಬಹುದು. ಸೂಜಿ, ಪಿನ್ನು, ಬೆಂಕಿಕಡ್ಡಿಯಿಂದ ಚುಚ್ಚುವುದು ಬೇಡ. ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿದರೆ ಹಿತವೆನಿಸುತ್ತದೆ, ಪಾಚಿ ಹೋಗುವುದಿಲ್ಲ. ವೈದ್ಯರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಪಾಚಿ ಕಟ್ಟುವುದನ್ನು ತಡೆಯುತ್ತದೆ, ಆದರೆ ಎರಡು ವಾರದ ಆಚೆ ಸ್ವಂತ ನಿರ್ಧಾರದಿಂದ ಮುಂದುವರಿಸಿದರೆ ಹಲ್ಲು ಕಂದಾಗಿ ನಾಲಿಗೆಯ ರುಚಿ ಕೆಡುತ್ತದೆ.

ಕೆಲವು ದಿನ ಬಿಟ್ಟ ಪಾಚಿ ಜೊಲ್ಲಿನ ಸುಣ್ಣದಂಶ ಹೀರಿ ಗಾರೆಯಾಗುತ್ತದೆ. ಆಮೇಲೆ ಯಾವ ಬ್ರಶ್ಶಿಗೂ ಬಗ್ಗದು, ದಂತವೈದ್ಯರಲ್ಲಿ ಯಂತ್ರದಿಂದ ಅದನ್ನು ತೆಗೆಸಬೇಕು, ಅಂದರೆ ಸ್ಕೇಲಿಂಗ್ ಮಾಡಿಸಲೇಬೇಕು. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಹೆದರಿಕೆಗೆ ಒಂದು ಕಾರಣವಿದೆ. ಒಸಡು ಇಳಿದು, ಎಲುಬು ಕರಗಿ ಅಲುಗಾಡಬೇಕಾಗಿದ್ದ ಹಲ್ಲುಗಳನ್ನು ಗಾರೆಯ ಗಡ್ಡೆಯೇ ಒಂದಕ್ಕೊಂದು ಕಚ್ಚಿ ನಿಲ್ಲಿಸಿರುತ್ತದೆ. ಅದನ್ನು ತೆಗೆದ ದಿನ ಮುಚ್ಚಿದ್ದ ಸಂದಿ ತೆರೆದುಕೊಳ್ಳುತ್ತದೆ, ಅಲುಗಾಟ ಗೊತ್ತಾಗುತ್ತದೆ. ಸಡಿಲ ಮಾಡಿದ್ದು ಯಂತ್ರವಲ್ಲ, ಅದಕ್ಕೂ ಮುಂಚಿನ ಹತ್ತು ವರ್ಷ. ಕೆಲವು ದಿನ ಜುಮ್ಮೆನ್ನುವುದು ಸಹಜ, ಆಮೇಲೆ ಕಡಿಮೆಯಾಗುತ್ತದೆ.

ಸಕ್ಕರೆ ಕಾಯಿಲೆಯವರಲ್ಲಿ ಒಸಡು ಬೇಗ ಕೆಡುತ್ತದೆ, ಕೆಟ್ಟ ಒಸಡು ಸಕ್ಕರೆಯನ್ನು ಹತೋಟಿಗೆ ಬರಲೂ ಬಿಡುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್, ಮೂರ್ಛೆರೋಗದ ಫೆನಿಟಾಯ್ನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಒಸಡು ಹಲ್ಲಿನ ಮೇಲೆ ಬೆಳೆಯುವುದುಂಟು; ಮಾತ್ರೆ ನಿಲ್ಲಿಸದೆ ಕೊಟ್ಟ ವೈದ್ಯರಿಗೇ ತೋರಿಸಬೇಕು. ಬಸುರಿಯರ ಒಸಡು ಹಾರ್ಮೋನಿನ ಏರಿಳಿತದಿಂದ ಸ್ವಲ್ಪ ಪಾಚಿಗೂ ಹೆಚ್ಚು ಬಾಯುತ್ತದೆ. ಬಸುರಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದು ಎಂದು ಹಿರಿಯರು ತಡೆಯುವುದು ಸಾಮಾನ್ಯ. ಸ್ಕೇಲಿಂಗ್‌ಗೆ ಯಾವ ಅಡ್ಡಿಯೂ ಇಲ್ಲ, ನಾಲ್ಕರಿಂದ ಆರು ತಿಂಗಳ ನಡುವೆ ಕೂರುವುದಕ್ಕೂ ಅನುಕೂಲ. ಒಸಡಿನಿಂದ ತಾನಾಗಿ ರಕ್ತ ಸೋರಿ, ಜೊತೆಗೆ ಜ್ವರ, ಸುಸ್ತು, ಮೈಮೇಲೆ ನೀಲಿ ಕಲೆ ಬಂದರೆ ದಂತವೈದ್ಯರಿಗಿಂತ ಮೊದಲು ರಕ್ತಪರೀಕ್ಷೆಗೆ ಹೋಗಬೇಕು.

ಸರ್ಕಾರದ ನಡೆಯ ಬಗ್ಗೆ ಒಂದು ತಕರಾರು. ಕರ್ನಾಟಕದಲ್ಲಿ ದಂತಭಾಗ್ಯ ಎಂಬ ಯೋಜನೆ ಇದೆ. ಹಲ್ಲೆಲ್ಲ ಉದುರಿದ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುತ್ತದೆ. ಒಳ್ಳೆಯದೇ, ಊಟದ ರುಚಿ ಮರಳಿ ಸಿಕ್ಕವರ ಮುಖ ನೋಡಿದರೆ ಯಾರೂ ಇದನ್ನು ಹಳಿಯಲಾರರು. ಆದರೆ ದೊಡ್ಡವರಲ್ಲಿ ಹಲ್ಲು ಹೋಗುವುದಕ್ಕೆ ಒಸಡಿನ ಕಾಯಿಲೆ ಒಂದು ದೊಡ್ಡ ಕಾರಣ, ಅದನ್ನು ತಡೆಯುವ ಕೆಲಸ ಮೂವತ್ತು ವರ್ಷ ಮೊದಲೇ, ಶಾಲೆಯ ಜಗಲಿಯಲ್ಲೇ ಆಗಬೇಕಿತ್ತು. ಆಶಾ ಕಾರ್ಯಕರ್ತೆಯರು ಬಸುರಿಯ ತೂಕ, ರಕ್ತದ ಪ್ರಮಾಣ ಕೇಳುವಾಗ ಒಸಡಿನದೊಂದು ಪ್ರಶ್ನೆ ಸೇರಿಸಿದರೆ ಖರ್ಚೇನೂ ಇಲ್ಲ.

ಈಗಿರುವ ವ್ಯವಸ್ಥೆಯಲ್ಲಿ ದಾಸನಕೊಪ್ಪದವರಿಗೆ ಸಮೀಪದ ಆಸರೆ ಶಿರಸಿಯೇ. ಅಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆಯೂ ಇದೆ, ಖಾಸಗಿ ದಂತವೈದ್ಯರೂ ಇದ್ದಾರೆ. ಒಸಡಿನ ಶಸ್ತ್ರಚಿಕಿತ್ಸೆಯವರೆಗೆ ಮುಟ್ಟಿದ್ದಕ್ಕೆ ಧಾರವಾಡದ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜಿನಂಥ ಕಡೆ ಅದಕ್ಕೆಂದೇ ವಿಭಾಗವಿದೆ. ಆರು ತಿಂಗಳಿಗೊಮ್ಮೆ ತೋರಿಸಿ ಎಂದು ವೈದ್ಯರು ಹೇಳಿದ್ದು ರೈತರ ನೆನಪಿನಲ್ಲಿ ಉಳಿಯುವುದಿಲ್ಲ, ತಿಂಗಳ ಲೆಕ್ಕ ಅವರದ್ದಲ್ಲ. ಮಳೆ ಹಿಡಿದು ಗದ್ದೆಗೆ ಇಳಿಯುವ ಮೊದಲೊಮ್ಮೆ, ಅಡಿಕೆ ಕೊಯ್ಲಿಗೆ ಕೈ ಹಚ್ಚುವ ಮೊದಲೊಮ್ಮೆ ಎಂದು ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ಹೋಗುವ ದಿನ ಬೆಳಗ್ಗೆ ಕವಳ ಹಾಕಬೇಡಿ, ಒಸಡಿನ ನಿಜವಾದ ಬಣ್ಣ ವೈದ್ಯರಿಗೂ ಕಾಣಬೇಕು.